ಬ್ಯಾಕ್ಟೀರಿಯಾ ಸಂವೇದಕಗಳು: ವಿಜ್ಞಾನ ಸಿದ್ಧ, ಸೀಸೆ ಸಿದ್ಧವಿಲ್ಲ

ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಸಾವಯವ ಮಾಲಿನ್ಯ ಎಷ್ಟಿದೆಯೆಂದು ತಿಳಿಸುವ ಬಿ.ಓ.ಡಿ. ಪರೀಕ್ಷೆಗೆ ನಮ್ಮ ದೇಶದ ಮಾನಕದಂತೆ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನಗಳು ಬೇಕು. ಮಾದರಿಯನ್ನು ಪ್ರಯೋಗಾಲಯಕ್ಕೆ ಸಾಗಿಸುವ, ಸರದಿಗಾಗಿ ಕಾಯುವ, ವರದಿಯನ್ನು ಪಡೆಯುವ ದಿನಗಳು ಇದಕ್ಕೆ ಹೊರತು. ವರದಿ ಕೈಗೆ ಬರುವ ವೇಳೆಗೆ ಆ ನೀರು ಚರಂಡಿಯನ್ನು ದಾಟಿ, ಕೆರೆಯನ್ನು ಸೇರಿ, ಯಾರದೋ ಹೊಲಕ್ಕೂ ಹರಿದಿರುತ್ತದೆ. ಲೋಹ ಲೇಪನದ ಘಟಕವಾಗಲಿ, ಬಣ್ಣ ಹಾಕುವ ಘಟಕವಾಗಲಿ, ತನ್ನ ನೀರಿನ ಸ್ಥಿತಿಯನ್ನು ತಿಳಿಯುವುದು ಬಹುಪಾಲು ಕಾಲ ಮೀರಿದ ಮೇಲೆಯೇ. ಈ ವಿಳಂಬದ ಬೆಲೆಯನ್ನು ಉದ್ದಿಮೆದಾರನು ದಂಡದ ರೂಪದಲ್ಲಿಯೂ, ಸುತ್ತಲಿನ ಜನರು ಆರೋಗ್ಯದ ರೂಪದಲ್ಲಿಯೂ ತೆರುತ್ತಿದ್ದಾರೆ.

ಇದಕ್ಕೆ ಭಾಗಶಃ ಪರಿಹಾರವೊಂದು ವಿಜ್ಞಾನಿಗಳ ಕೈಯಲ್ಲಿ ಮೂರು ದಶಕಗಳಿಂದಲೂ ಇದೆ. ನಿರ್ದಿಷ್ಟ ವಿಷವಸ್ತುವೊಂದು ಸೋಕಿದೊಡನೆ ಬೆಳಕು ಸೂಸುವಂತೆ ಅಥವಾ ಬಣ್ಣ ಬದಲಿಸುವಂತೆ ಮಾರ್ಪಡಿಸಿದ ಬ್ಯಾಕ್ಟೀರಿಯಾಗಳೇ ಆ ಪರಿಹಾರ. ಇಷ್ಟಾದರೂ ಇವು ಪೇಟೆಯ ಅಂಗಡಿಗೆ ಬಂದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಗಿದೆ. ಕೊರತೆ ಇರುವುದು ವಂಶವಾಹಿಯಲ್ಲಲ್ಲ. ಸೀಸೆಯಲ್ಲಿ, ಅಳತೆಯಲ್ಲಿ ಹಾಗೂ ಪರವಾನಗಿಯಲ್ಲಿ. ಈ ಮೂರೂ ವಿಜ್ಞಾನಿಗಿಂತ ಹೆಚ್ಚಾಗಿ ತಯಾರಕನಿಗೆ, ವರ್ತಕನಿಗೆ ಮತ್ತು ವಾಣಿಜ್ಯ ಸಂಸ್ಥೆಗೆ ಸೇರಿದ ವಿಷಯಗಳು ಎಂಬುದನ್ನು ಓದುಗರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಸಂವೇದಕ ಕೆಲಸ ಮಾಡುವ ಬಗೆ

ತತ್ತ್ವವು ಸರಳವಾದುದು. ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಆರ್ಸೆನಿಕ್ ಎಂಬ ವಿಷವನ್ನು ತಮ್ಮ ಕೋಶದಿಂದ ಹೊರದೂಡುವ ಪಂಪನ್ನು ಹೊಂದಿವೆ. ಆ ಪಂಪನ್ನು ಸದಾ ನಡೆಸುವುದು ಕೋಶಕ್ಕೆ ದುಬಾರಿ. ಆದಕಾರಣ ಪ್ರೋಟೀನೊಂದು ಪಂಪಿನ ವಂಶವಾಹಿಯ ಮೇಲೆ ಬೀಗದಂತೆ ಕುಳಿತಿರುತ್ತದೆ. ಆರ್ಸೆನಿಕ್ ಒಳಹೊಕ್ಕು ಆ ಪ್ರೋಟೀನಿಗೆ ಅಂಟಿಕೊಂಡಾಗ ಬೀಗ ಕಳಚಿ ಬೀಳುತ್ತದೆ, ಪಂಪು ತಯಾರಾಗತೊಡಗುತ್ತದೆ. ವಿಜ್ಞಾನಿಗಳು ಮಾಡಿದುದಿಷ್ಟೆ: ಅದೇ ಬೀಗದ ಮುಂದೆ ಬೆಳಕು ನೀಡುವ ಅಥವಾ ಬಣ್ಣ ನೀಡುವ ವಂಶವಾಹಿಯನ್ನು ಜೋಡಿಸಿದರು. ಈಗ ಆರ್ಸೆನಿಕ್ ಬಂದರೆ ಕೋಶ ಬೆಳಗುತ್ತದೆ. ಆರ್ಸೆನಿಕ್ ಹೆಚ್ಚಿದಷ್ಟೂ, ಒಂದು ಮಿತಿಯವರೆಗೆ, ಬೆಳಕೂ ಹೆಚ್ಚುತ್ತದೆ. ಪಾದರಸಕ್ಕೆ ಬೇರೊಂದು ಬೀಗವಿದೆ, ನ್ಯಾಫ್ತಲೀನಿಗೆ ಮತ್ತೊಂದಿದೆ.

ಬ್ಯಾಕ್ಟೀರಿಯಾವನ್ನು ಪರೀಕ್ಷಕನನ್ನಾಗಿ ಬಳಸುವುದು ಉದ್ಯಮಕ್ಕೆ ಹೊಸತೇನಲ್ಲ. ರಾಸಾಯನಿಕವೊಂದು ವಂಶವಾಹಿಗೆ ಹಾನಿ ಮಾಡುವುದೇ ಎಂದು ತಿಳಿಯಲು ಅಮೆರಿಕದ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ರೂಪಿಸಿದ ಸಾಲ್ಮೊನೆಲ್ಲಾ ಪರೀಕ್ಷೆಯನ್ನು ಔಷಧ ಮತ್ತು ರಾಸಾಯನಿಕ ಕಂಪನಿಗಳು ಇಂದಿಗೂ ನಡೆಸುತ್ತವೆ. ಸಮುದ್ರದಲ್ಲಿ ಸಹಜವಾಗಿಯೇ ಬೆಳಗುವ ವಿಬ್ರಿಯೋ ಫಿಶರಿ ಎಂಬ ಬ್ಯಾಕ್ಟೀರಿಯಾದ ಬೆಳಕು ವಿಷದ ಸಂಪರ್ಕದಿಂದ ಕುಂದುವುದನ್ನು ಅಳೆಯುವ ವಿಧಾನಕ್ಕೆ ಐ.ಎಸ್.ಓ. 11348 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಆದರೆ ಈ ಸಹಜ ಬ್ಯಾಕ್ಟೀರಿಯಾ "ಏನೋ ವಿಷವಿದೆ" ಎಂದಷ್ಟೇ ಹೇಳಬಲ್ಲುದು. ಮಾರ್ಪಡಿಸಿದ ಬ್ಯಾಕ್ಟೀರಿಯಾ ಯಾವ ವಿಷವೆಂಬುದನ್ನೂ ಹೇಳಬಲ್ಲುದು.

ಕೊಳವೆ ಬಾವಿಗಳು ಕಲಿಸಿದ ಪಾಠ

ಇಂತಹ ಸಂವೇದಕದ ಅಗತ್ಯ ಎಷ್ಟು ತೀವ್ರವಾದುದು ಎಂಬುದಕ್ಕೆ ಬಾಂಗ್ಲಾದೇಶವೇ ನಿದರ್ಶನ. ಕೆರೆಕಟ್ಟೆಗಳ ಕಲುಷಿತ ನೀರಿನಿಂದ ಹರಡುತ್ತಿದ್ದ ರೋಗಗಳನ್ನು ತಪ್ಪಿಸಲೆಂದು 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೊಳವೆ ಬಾವಿಗಳನ್ನು ಕೊರೆಯಲಾಯಿತು. ಅಂತರ್ಜಲದಲ್ಲಿ ನೈಸರ್ಗಿಕವಾಗಿಯೇ ಆರ್ಸೆನಿಕ್ ಇದ್ದುದು ತಿಳಿದದ್ದು ತಡವಾಗಿ. ಬ್ರಿಟಿಷ್ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅಲ್ಲಿನ ಸರ್ಕಾರದ ಜೊತೆಗೂಡಿ 2001ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ, ಸುಮಾರು ಮೂರೂವರೆ ಕೋಟಿ ಜನರು ಆ ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೋಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇದ್ದ ನೀರನ್ನು ಕುಡಿಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಮಿತಿ 10 ಮೈಕ್ರೋಗ್ರಾಂ. ನಮ್ಮ ಭಾರತೀಯ ಮಾನಕ ಬ್ಯೂರೋ 2012ರ ಕುಡಿಯುವ ನೀರಿನ ಮಾನಕದಲ್ಲಿ ಸ್ವೀಕಾರಾರ್ಹವೆಂದು ಹೇಳಿರುವುದೂ ಇಷ್ಟನ್ನೇ.

ಅಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಸುರಕ್ಷಿತವಾದವಕ್ಕೆ ಹಸಿರು ಬಣ್ಣವನ್ನೂ ಅಲ್ಲದವಕ್ಕೆ ಕೆಂಪು ಬಣ್ಣವನ್ನೂ ಬಳಿಯಲಾಯಿತು. ಕ್ಷೇತ್ರದಲ್ಲಿ ಬಳಸುವ ರಾಸಾಯನಿಕ ಕಿಟ್ಟಿನಲ್ಲಿ ಆರ್ಸೆನಿಕ್ಕನ್ನು ಆರ್ಸೀನ್ ಎಂಬ ಅನಿಲವಾಗಿಸಿ, ಪಾದರಸದ ಲವಣ ಸವರಿದ ಕಾಗದದ ಬಣ್ಣವನ್ನು ನೋಡಬೇಕಾಗುತ್ತದೆ. ಅನಿಲವೂ ವಿಷ, ಕಾಗದವೂ ವಿಷ. ಕಡಿಮೆ ಪ್ರಮಾಣದಲ್ಲಿ ಬಣ್ಣದ ಅಂತರವನ್ನು ಕಣ್ಣಳತೆಯಿಂದ ಗುರುತಿಸುವುದೂ ಕಷ್ಟ.

ಬ್ಯಾಕ್ಟೀರಿಯಾ ಸಂವೇದಕವು ಇದೇ ತೆರಪನ್ನು ತುಂಬಲು ಹೊರಟಿತು. ಸ್ವಿಟ್ಜರ್ಲೆಂಡಿನ ಯಾನ್ ರೋಲೊಫ್ ವಾನ್ ಡೆರ್ ಮೀರ್ ಅವರ ತಂಡ ರೂಪಿಸಿದ ಸಂವೇದಕವನ್ನು ವಿಯೆಟ್ನಾಮಿನ 194 ಅಂತರ್ಜಲ ಮಾದರಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. 10 ಮೈಕ್ರೋಗ್ರಾಂ ಮಿತಿಯಲ್ಲಿ, ಆರ್ಸೆನಿಕ್ ಇದ್ದೂ ಇಲ್ಲವೆಂದ ತಪ್ಪು ಶೇಕಡಾ 8ರಷ್ಟು. ಇಲ್ಲದೆಯೂ ಇದೆಯೆಂದ ತಪ್ಪು ಶೇಕಡಾ 2.4ರಷ್ಟು. 2006ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡವೊಂದು ಆರ್ಸೆನಿಕ್ಕಿಗೆ ಪ್ರತಿಯಾಗಿ ನೀರಿನ ಆಮ್ಲೀಯತೆಯನ್ನೇ ಬದಲಿಸುವ ಬ್ಯಾಕ್ಟೀರಿಯಾವನ್ನು ರೂಪಿಸಿ, ಸಾಮಾನ್ಯ ಬಣ್ಣಸೂಚಕದಿಂದಲೇ ಫಲಿತಾಂಶ ತಿಳಿಯಬಹುದೆಂದು ತೋರಿಸಿತು. ಜರ್ಮನಿಯ ಲೈಪ್‌ಜಿಗ್‌ನ ಹೆಲ್ಮ್‌ಹೋಲ್ಟ್ಸ್ ಪರಿಸರ ಸಂಶೋಧನಾ ಕೇಂದ್ರವು ಶೀತದಲ್ಲಿ ಒಣಗಿಸಿದ ಬ್ಯಾಕ್ಟೀರಿಯಾವನ್ನು ಪುಟ್ಟ ಸೀಸೆಯಲ್ಲಿ ಮುಚ್ಚಿ, ಅದಕ್ಕೆ ನೀರನ್ನು ಚುಚ್ಚಿ, ಸುಮಾರು ಎರಡು ಗಂಟೆಗಳ ನಂತರ ಕೈಯಲ್ಲಿ ಒಯ್ಯಬಲ್ಲ ಬೆಳಕುಮಾಪಕದಿಂದ ಅಳೆಯುವ ಕಿಟ್ಟನ್ನು ಸಿದ್ಧಪಡಿಸಿತು. ಬಾಂಗ್ಲಾದೇಶದಲ್ಲಿ ಅದರ ಕ್ಷೇತ್ರ ಪರೀಕ್ಷೆಯ ವರದಿ 2012ರಲ್ಲಿ ಬೆಳಕು ಕಂಡಿತು.

ಇದು ದೂರದ ದೇಶದ ಸಮಸ್ಯೆಯೆಂದು ನಾವು ಸುಮ್ಮನಿರುವಂತಿಲ್ಲ. ಪಶ್ಚಿಮ ಬಂಗಾಳ ಮತ್ತು ಬಿಹಾರಗಳ ಮಾತು ಹಾಗಿರಲಿ, ನಮ್ಮದೇ ಯಾದಗಿರಿ ಜಿಲ್ಲೆಯ ಹಳೆಯ ಚಿನ್ನದ ಗಣಿ ಪ್ರದೇಶದ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದೂ, ಅದರಿಂದ ಜನರ ಚರ್ಮಕ್ಕೆ ಹಾನಿಯಾಗಿರುವುದೂ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಅಲ್ಲಿಯ ಪ್ರತಿಯೊಂದು ಬಾವಿಯ ನೀರನ್ನೂ ಪದೇಪದೇ ದೂರದ ಪ್ರಯೋಗಾಲಯಕ್ಕೆ ಕಳುಹಿಸುವುದು ಸುಲಭಸಾಧ್ಯವಲ್ಲ.

ವೈದ್ಯಕೀಯ ಕ್ಷೇತ್ರದ ಆಕರ್ಷಣೆ

ಪತ್ರಿಕೆಗಳ ತಲೆಬರಹ ಸೇರುವುದು ವೈದ್ಯಕೀಯ ಸಂವೇದಕಗಳೇ. ಕರುಳಿನೊಳಗಣ ರಕ್ತಸ್ರಾವವನ್ನು ಗುರುತಿಸುವ ಬ್ಯಾಕ್ಟೀರಿಯಾವನ್ನೂ, ಅದರ ಬೆಳಕನ್ನು ಗ್ರಹಿಸಿ ಮೊಬೈಲಿಗೆ ಸಂಕೇತ ಕಳುಹಿಸುವ ವಿದ್ಯುನ್ಮಾನ ಸಲಕರಣೆಯನ್ನೂ ನುಂಗಬಹುದಾದ ಒಂದೇ ಗುಳಿಗೆಯಲ್ಲಿ ಅಡಕಗೊಳಿಸಿ, ಅಮೆರಿಕದ ಎಂ.ಐ.ಟಿ. ಸಂಸ್ಥೆ 2018ರಲ್ಲಿ ಹಂದಿಗಳಲ್ಲಿ ಪರೀಕ್ಷಿಸಿತು. ಅಮೆರಿಕ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು 2023ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಯಿಂದ ಉದುರುವ ಡಿ.ಎನ್.ಎ.ಯನ್ನು ಹಿಡಿದು ಗುರುತಿಸುವ ಬ್ಯಾಕ್ಟೀರಿಯಾವನ್ನು ಇಲಿಗಳಲ್ಲಿ ತೋರಿಸಿದರು. ಇವು ಅದ್ಭುತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವೆರಡೂ ಪ್ರಾಣಿಗಳ ಮೇಲಿನ ಪ್ರಯೋಗಗಳು. ಮನುಷ್ಯನ ದೇಹದೊಳಗೆ ಹೋಗುವ ಜೀವಂತ ವಸ್ತುವಿಗೆ ಅನುಮತಿ ಪಡೆಯಲು ತಗಲುವ ಕಾಲ ಮತ್ತು ಬಂಡವಾಳ ಸಣ್ಣ ಉದ್ದಿಮೆದಾರನ ಅಳವಿಗೆ ಮೀರಿದುದು. ನಮ್ಮ ಸದಸ್ಯರು ಮೊದಲು ದೃಷ್ಟಿ ಹರಿಸಬೇಕಾದುದು ನೀರಿನ ಕಡೆಗೆ.

ಸೀಸೆ, ಅಳತೆ, ಪರವಾನಗಿ

ಮೊದಲನೆಯದು ಸೀಸೆ. ಬ್ಯಾಕ್ಟೀರಿಯಾ ಜೀವಂತ ಸರಕು. ಬಿಸಿಲಿನಲ್ಲಿ ನಿಂತ ಲಾರಿಯಲ್ಲಿ, ವಿದ್ಯುತ್ ಕಡಿತವಿರುವ ಗೋದಾಮಿನಲ್ಲಿ ಅದು ಸಾಯಬಹುದು. ಸತ್ತ ಸಂವೇದಕವು ಶುದ್ಧ ನೀರಿನ ಮುಂದೆಯೂ, ವಿಷದ ನೀರಿನ ಮುಂದೆಯೂ ಒಂದೇ ರೀತಿಯಲ್ಲಿ ಕತ್ತಲಾಗಿರುತ್ತದೆ. ಮಲಗಿದ ಕಾವಲುಗಾರನನ್ನು ನಂಬಿ ಬಾಗಿಲು ತೆರೆದಿಟ್ಟಂತೆ ಇದು. ನೀರಿನಲ್ಲಿ ಬೇರೆ ವಿಷಗಳಿದ್ದು ಅವು ಬ್ಯಾಕ್ಟೀರಿಯಾವನ್ನು ಕೊಂದರೂ ಇದೇ ಅಪಾಯ. ಆದುದರಿಂದ ಪ್ರತಿ ಕಿಟ್ಟಿನಲ್ಲಿಯೂ ಸದಾ ಬೆಳಗುವ ಎರಡನೆಯ ಸೀಸೆಯೊಂದು ಇರಲೇಬೇಕು. ಅದು ಆರಿದರೆ ಪರೀಕ್ಷೆಯನ್ನೇ ಅಮಾನ್ಯ ಮಾಡಬೇಕು. ಉತ್ತಮ ಮುಚ್ಚಳ, ತೇವ ತಾಗದ ಪೊಟ್ಟಣ, ಶೀತ ಶುಷ್ಕೀಕರಣ, ತಾಪವನ್ನು ದಾಖಲಿಸುವ ಚೀಟಿ, ಅಗ್ಗದ ಬೆಳಕುಮಾಪಕ - ಇವೆಲ್ಲವೂ ಪ್ಲಾಸ್ಟಿಕ್ ಅಚ್ಚಿನವರ, ವಿದ್ಯುನ್ಮಾನ ಬಿಡಿಭಾಗಗಳವರ, ಔಷಧ ಪ್ಯಾಕಿಂಗ್ ಮಾಡುವವರ ಕೆಲಸ. ಪೀಣ್ಯದಂತಹ ಕೈಗಾರಿಕಾ ವಸಾಹತಿನಲ್ಲಿ ಈ ಕೌಶಲಗಳಿಗೆ ಬರವಿಲ್ಲ.

ಎರಡನೆಯದು ಅಳತೆ. ನಮ್ಮ ಪರಿಸರ ನಿಯಮಗಳು ಲೀಟರಿಗೆ ಇಂತಿಷ್ಟು ಮಿಲಿಗ್ರಾಂ ಎಂಬ ಭಾಷೆಯಲ್ಲಿ ಮಾತನಾಡುತ್ತವೆ. ಮೇಲ್ಮೈ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಸಾಮಾನ್ಯ ಮಾನಕದಂತೆ ಷಟ್-ಸಂಯೋಗ ಕ್ರೋಮಿಯಂ 0.1, ಒಟ್ಟು ಕ್ರೋಮಿಯಂ 2, ಆರ್ಸೆನಿಕ್ 0.2 ಮಿಲಿಗ್ರಾಂ ಮೀರಬಾರದು. ಬ್ಯಾಕ್ಟೀರಿಯಾ ಹೇಳುವುದಾದರೋ ತನ್ನ ಕೋಶದೊಳಗೆ ಹೊಕ್ಕ ಅಂಶವನ್ನು ಮಾತ್ರ. ಮಣ್ಣಿನ ಕಣಕ್ಕೋ ಕಬ್ಬಿಣದ ಕಿಲುಬಿಗೋ ಅಂಟಿಕೊಂಡ ಲೋಹ ಅದರ ಲೆಕ್ಕಕ್ಕೆ ಬಾರದು. ಜೀವಿಗಳಿಗೆ ಹಾನಿ ಮಾಡಬಲ್ಲ ಅಂಶವೇ ಮುಖ್ಯವೆನ್ನುವವರಿಗೆ ಇದು ಗುಣ. ಕಾನೂನಿನ ದೃಷ್ಟಿಯಲ್ಲಿ ಇದು ದೋಷ. ಎರಡರ ನಡುವೆ ಸಂಬಂಧ ಕಲ್ಪಿಸುವ ಮಾನಕವಿಲ್ಲದ ತನಕ ಗಿರಾಕಿಯು ಈ ಕಿಟ್ಟನ್ನು ಕೊಂಡು ಮಾಡುವುದಾದರೂ ಏನು?

ಮೂರನೆಯದು ಪರವಾನಗಿ. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ತಳಿ ಮಾರ್ಪಡಿಸಿದ ಜೀವಿಯನ್ನು ತಯಾರಿಸುವುದಕ್ಕೂ, ಸಾಗಿಸುವುದಕ್ಕೂ, ಮಾರುವುದಕ್ಕೂ ಕೇಂದ್ರದ ಜಿ.ಇ.ಎ.ಸಿ. ಸಮಿತಿಯ ಅನುಮತಿ ಬೇಕು. ಬೆಂಗಳೂರಿನ ಬಯೋಕಾನ್ ಕಂಪನಿಯು ಮಾರ್ಪಡಿಸಿದ ಯೀಸ್ಟ್‌ನಿಂದ ಮಾನವ ಇನ್ಸುಲಿನ್ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿ ಜೀವಿ ತೊಟ್ಟಿಯೊಳಗೇ ಉಳಿಯುತ್ತದೆ. ಹೊರಬರುವುದು ಇನ್ಸುಲಿನ್ ಮಾತ್ರ. ಸಂವೇದಕದಲ್ಲಿ ಜೀವಿಯೇ ಸರಕು. ಅದು ಅಂಗಡಿಗೆ ಹೋಗುತ್ತದೆ, ಹಳ್ಳಿಗೆ ಹೋಗುತ್ತದೆ, ಬಳಸಿದ ಮೇಲೆ ತಿಪ್ಪೆಗೂ ಹೋಗಬಹುದು. ಆದಕಾರಣ ಸರ್ಕಾರ ಎಚ್ಚರ ವಹಿಸುವುದು ನ್ಯಾಯವೇ. ಬ್ರಿಟನ್ನಿನ ವಿಜ್ಞಾನಿಗಳು ನೇಪಾಳಕ್ಕಾಗಿ ಕೈಗೊಂಡ ಆರ್ಸೆನಿಕ್ ಸಂವೇದಕದ ಯೋಜನೆಯೂ ಇದೇ ಬಗೆಯ ಅನುಮತಿಯ ತೊಡಕನ್ನು ಎದುರಿಸಿತು. ಆದರೆ ಹೊಲದಲ್ಲಿ ತೆರೆದು ಬಿಡುವ ಜೀವಿಗೂ, ಮುಚ್ಚಿದ ಸೀಸೆಯಲ್ಲಿ ಒಮ್ಮೆ ಬಳಸಿ ಕೊಂದುಹಾಕುವ ಜೀವಿಗೂ ಒಂದೇ ದಾರಿಯನ್ನು ತೋರಿಸಿದರೆ ಯಾವ ಸಣ್ಣ ಉದ್ಯಮವೂ ಆ ದಾರಿಯಲ್ಲಿ ಹೆಜ್ಜೆ ಇಡದು.

ನಮ್ಮ ಚರಂಡಿಯ ಪ್ರಶ್ನೆ

ಇಲ್ಲಿ ಅಪ್ರಿಯವಾದ ಮಾತೊಂದನ್ನು ಹೇಳಬೇಕಾಗಿದೆ. ಅಗ್ಗದ ಸಂವೇದಕ ಬಂದರೆ ಕೆಳಗಿನ ಹೊಲದ ರೈತನೂ ನಮ್ಮ ಚರಂಡಿಯ ನೀರನ್ನು ಪರೀಕ್ಷಿಸಬಲ್ಲ. ಕೆಲವು ಸದಸ್ಯರು ಖಾಸಗಿಯಾಗಿ ಈ ಅಂಜಿಕೆಯನ್ನು ತೋಡಿಕೊಳ್ಳಬಹುದು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹೇಳಿ ಈ ಅಂಜಿಕೆಯನ್ನು ತಳ್ಳಿಹಾಕುವುದು ಸುಲಭ. ಆದರೆ ಪ್ರಾಮಾಣಿಕವಾಗಿ ನಡೆಯುವ ಘಟಕಕ್ಕೂ ತಪ್ಪು ಫಲಿತಾಂಶದ ಭಯವಿರುವುದು ಸಹಜ. ನೂರರಲ್ಲಿ ಎರಡು ಬಾರಿ ತಪ್ಪಾಗಿ ಬೆಳಗುವ ಸೀಸೆಯನ್ನು ಹಿಡಿದು ಜನ ಗೇಟಿನ ಮುಂದೆ ನಿಂತರೆ ಏನು ಗತಿ?

ಇದಕ್ಕೆ ಉತ್ತರ ಸಂವೇದಕವನ್ನು ತಡೆಯುವುದಲ್ಲ. ಅದನ್ನು ನಾವೇ ಮೊದಲು ಬಳಸುವುದು. ಸಾಮೂಹಿಕ ತ್ಯಾಜ್ಯನೀರು ಸಂಸ್ಕರಣಾ ಘಟಕದ ಉದಾಹರಣೆಯನ್ನೇ ನೋಡಿ. ಹತ್ತಾರು ಸಣ್ಣ ಕಾರ್ಖಾನೆಗಳ ನೀರು ಅಲ್ಲಿ ಒಂದೇ ತೊಟ್ಟಿಗೆ ಸೇರುತ್ತದೆ. ಆ ತೊಟ್ಟಿಯಲ್ಲಿ ಕೊಳೆಯನ್ನು ತಿಂದು ಶುದ್ಧಿ ಮಾಡುವುದೂ ಬ್ಯಾಕ್ಟೀರಿಯಾಗಳೇ. ಒಬ್ಬ ಸದಸ್ಯ ಒಂದು ರಾತ್ರಿ ಸೈನೈಡನ್ನೋ ಕ್ರೋಮಿಯಮ್ಮನ್ನೋ ಸಂಸ್ಕರಿಸದೆ ಬಿಟ್ಟರೆ ಇಡೀ ತೊಟ್ಟಿಯ ಜೀವಿಗಳು ನಾಶವಾಗುತ್ತವೆ. ಮರುದಿನ ನೋಟಿಸು ಬರುವುದು ಎಲ್ಲರ ಹೆಸರಿಗೆ. ತಪ್ಪು ಮಾಡಿದವನು ಯಾರೆಂದು ಸಿದ್ಧಪಡಿಸಲು ಯಾರ ಬಳಿಯೂ ಪುರಾವೆ ಇರುವುದಿಲ್ಲ. ಪ್ರತಿಯೊಂದು ಒಳಹರಿವಿನ ಕೊಳವೆಯಲ್ಲಿ ದಿನಕ್ಕೆರಡು ಬಾರಿ ಸಂವೇದಕದ ಪರೀಕ್ಷೆ ನಡೆದರೆ, ಪ್ರಾಮಾಣಿಕನಿಗೆ ರಕ್ಷಣೆ ಸಿಗುತ್ತದೆ. ಅಪ್ರಾಮಾಣಿಕನಿಗೆ ಕತ್ತಲೆಯ ಆಸರೆ ತಪ್ಪುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2014ರಲ್ಲಿ ಅತಿಮಾಲಿನ್ಯಕಾರಕವಾದ 17 ವರ್ಗಗಳ ಉದ್ದಿಮೆಗಳಿಗೆ ಆನ್‌ಲೈನ್ ಮಾಪನ ವ್ಯವಸ್ಥೆಯನ್ನು ಅಳವಡಿಸಲು ಸೂಚಿಸಿತು. ಅಂತಹ ದುಬಾರಿ ಯಂತ್ರವನ್ನು ಕೊಳ್ಳಲಾಗದ ಸಣ್ಣ ಘಟಕಗಳಿಗೆ ಸಂವೇದಕವು ಮುಂದೆ ಬಡವರ ಮಾಪಕವಾಗಬಲ್ಲುದು.

ಸಂಸ್ಥೆ ಕೇಳಬೇಕಾದುದು, ಸದಸ್ಯರು ಮಾಡಬೇಕಾದುದು

ಮೊದಲನೆಯದಾಗಿ, 1989ರ ನಿಯಮಗಳಡಿ ಮುಚ್ಚಿದ, ಒಮ್ಮೆ ಮಾತ್ರ ಬಳಸುವ ಸಂವೇದಕಗಳಿಗೆ ಪ್ರತ್ಯೇಕವಾದ, ಕಾಲಮಿತಿಯುಳ್ಳ ಅನುಮತಿ ವಿಧಾನವನ್ನು ವಾಣಿಜ್ಯ ಸಂಸ್ಥೆಗಳು ಕೋರಬೇಕು. ಇದಕ್ಕೆ ಪೂರ್ವನಿದರ್ಶನಗಳಿವೆ. ಅಂತಿಮ ಉತ್ಪನ್ನದಲ್ಲಿ ಜೀವಂತ ಜೀವಿ ಉಳಿಯದ ಔಷಧಗಳಿಗೆ 2006ರಲ್ಲಿ ವಿಧಾನವನ್ನು ಸರಳಗೊಳಿಸಲಾಯಿತು. ಹೊರಗಿನ ವಂಶವಾಹಿ ಸೇರದ ಕೆಲವು ಬಗೆಯ ಜೀನ್ ಸಂಪಾದಿತ ಸಸ್ಯಗಳಿಗೆ 2022ರ ಮಾರ್ಚ್‌ನಲ್ಲಿ ವಿನಾಯಿತಿ ದೊರೆಯಿತು. ನಾವು ಕೇಳಬೇಕಾದುದು ವಿನಾಯಿತಿಯನ್ನಲ್ಲ, ಸ್ಪಷ್ಟತೆಯನ್ನು. ಬಳಸಿದ ಸೀಸೆಯೊಳಗೇ ಜೀವಿಯನ್ನು ಕೊಲ್ಲುವ ವ್ಯವಸ್ಥೆ ಇರಬೇಕು. ಹೊರಗೆ ಬದುಕಲಾರದ ದುರ್ಬಲ ತಳಿಯನ್ನೇ ಬಳಸಬೇಕು. ಔಷಧ ನಿರೋಧಕ ವಂಶವಾಹಿಗಳು ಅದರಲ್ಲಿ ಇರಕೂಡದು. ಮಾರಿದವನೇ ಖಾಲಿ ಸೀಸೆಯನ್ನು ಹಿಂಪಡೆಯಬೇಕು. ಈ ಷರತ್ತುಗಳನ್ನು ಸರ್ಕಾರ ಹೇರುವ ಮೊದಲು ನಾವಾಗಿಯೇ ಮುಂದಿಡುವುದು ಲೇಸು. ಒಂದೇ ಒಂದು ಅಜಾಗರೂಕ ಪ್ರಕರಣ ಇಡೀ ವ್ಯಾಪಾರದ ಹೆಸರನ್ನು ಕೆಡಿಸಬಲ್ಲುದು.

ಎರಡನೆಯದಾಗಿ, ಇಂತಹ ಕಿಟ್ಟುಗಳನ್ನು ಹೇಗೆ ಪರಿಶೀಲಿಸಬೇಕು, ತಪ್ಪಿನ ಪ್ರಮಾಣ ಎಷ್ಟರೊಳಗಿರಬೇಕು ಎಂಬ ಬಗ್ಗೆ ಭಾರತೀಯ ಮಾನಕ ಬ್ಯೂರೋ ಮಾನಕವೊಂದನ್ನು ರೂಪಿಸಬೇಕು. ಸಂವೇದಕದ ಸ್ಥಾನ ಪ್ರಾಥಮಿಕ ಶೋಧನೆ ಮಾತ್ರವೆಂದೂ, ದಂಡ ವಿಧಿಸಲು ಪ್ರಯೋಗಾಲಯದ ವರದಿಯೇ ಆಧಾರವೆಂದೂ ಅದರಲ್ಲಿ ಸ್ಪಷ್ಟವಾಗಬೇಕು. ಗೇಟಿನ ಮುಂದೆ ಸೀಸೆ ಹಿಡಿದು ನಿಂತವರಿಗೂ, ಒಳಗಿರುವ ಮಾಲೀಕನಿಗೂ ನ್ಯಾಯ ದೊರೆಯುವುದು ಈ ಒಂದು ವಾಕ್ಯದಿಂದ. ತಾನಾಗಿ ಪರೀಕ್ಷಿಸಿ, ದೋಷ ಕಂಡೊಡನೆ ಸರಿಪಡಿಸಿ ದಾಖಲೆಯಿಟ್ಟ ಘಟಕದ ಸದ್ಭಾವನೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಪರಿಗಣಿಸಬೇಕೆಂಬುದೂ ನ್ಯಾಯವಾದ ಬೇಡಿಕೆಯೇ.

ಮೂರನೆಯದಾಗಿ, ಅನುಮತಿಗಾಗಿ ಕಾಯುತ್ತಾ ಕೈಕಟ್ಟಿ ಕೂರಬೇಕಾದ ಅಗತ್ಯವಿಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ಅವರ ತಂಡ 2020ರಲ್ಲಿ ಪ್ರಕಟಿಸಿದ ರೋಸಲಿಂಡ್ ಎಂಬ ವಿಧಾನದಲ್ಲಿ ಜೀವಕೋಶವೇ ಇಲ್ಲ. ಬ್ಯಾಕ್ಟೀರಿಯಾದ ಬೀಗದ ಪ್ರೋಟೀನು ಮತ್ತು ಅಗತ್ಯ ಸಾಮಗ್ರಿಗಳನ್ನು ಮಾತ್ರ ಒಣಗಿಸಿ ಪುಟ್ಟ ನಳಿಕೆಯಲ್ಲಿ ಇಡಲಾಗುತ್ತದೆ. ನೀರಿನ ಹನಿ ಬಿದ್ದೊಡನೆ ಕ್ರಿಯೆ ಆರಂಭವಾಗುತ್ತದೆ. ಜೀವವಿಲ್ಲದ ಮೇಲೆ ತಪ್ಪಿಸಿಕೊಂಡು ಬೆಳೆಯುವ ಭಯವೂ ಇಲ್ಲ. ಮೊದಲ ಹೆಜ್ಜೆಯಾಗಿ ಈ ದಾರಿ ನಮ್ಮವರಿಗೆ ಹೆಚ್ಚು ಸೂಕ್ತವೆಂದು ತೋರುತ್ತದೆ. ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯು ಹೊಸ ಜೈವಿಕ ಕಲ್ಪನೆಗಳಿಗೆ ಬಿಗ್ ಯೋಜನೆಯಡಿ 50 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುತ್ತಾ ಬಂದಿದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಕೇಂದ್ರಗಳಲ್ಲೊಂದು. 2002ರ ತಿದ್ದುಪಡಿಯ ನಂತರ ನಮ್ಮ ಪೇಟೆಂಟ್ ಕಾಯ್ದೆಯು ಸಸ್ಯ ಮತ್ತು ಪ್ರಾಣಿಗಳನ್ನು ಹೊರಗಿಟ್ಟು, ಮಾನವನಿರ್ಮಿತ ಸೂಕ್ಷ್ಮಾಣುಜೀವಿಗಳಿಗೆ ಅವಕಾಶವಿತ್ತಿದೆ. ಅಮೆರಿಕದಲ್ಲಿ ನೆಲೆಸಿದ್ದ ನಮ್ಮವರೇ ಆದ ಆನಂದ ಮೋಹನ ಚಕ್ರವರ್ತಿಯವರು ತೈಲವನ್ನು ಜೀರ್ಣಿಸುವ ಬ್ಯಾಕ್ಟೀರಿಯಾಕ್ಕಾಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1980ರಲ್ಲಿ ಗೆದ್ದ ಹಕ್ಕು ಇದು.

ಸಣ್ಣ ಉದ್ದಿಮೆದಾರರು ವಂಶವಾಹಿ ವಿಜ್ಞಾನವನ್ನು ಕಲಿಯಬೇಕಾಗಿಲ್ಲ. ವಿಶ್ವವಿದ್ಯಾಲಯದ ಬಾಗಿಲು ತಟ್ಟಿ, "ನಿಮ್ಮ ಬ್ಯಾಕ್ಟೀರಿಯಾಕ್ಕೆ ನಾವು ಸೀಸೆ ಮಾಡಿಕೊಡುತ್ತೇವೆ, ಬೆಳಕುಮಾಪಕ ಮಾಡಿಕೊಡುತ್ತೇವೆ, ನಮ್ಮ ಕಾರ್ಖಾನೆಯ ನೀರಿನಲ್ಲಿಯೇ ಪರೀಕ್ಷಿಸಿ ನೋಡಿ" ಎಂದರೆ ಸಾಕು. ಬೇರೆ ದೇಶದವರು ಸೀಸೆ ತಯಾರಿಸಿ, ನಾವು ಆಮದು ಮಾಡಿಕೊಂಡು, ಅದರಿಂದಲೇ ನಮ್ಮ ಚರಂಡಿಯನ್ನು ಅಳೆಯಿಸಿಕೊಳ್ಳುವ ದಿನ ಬರುವ ಮೊದಲು ಈ ಕಾರ್ಯದಲ್ಲಿ ತೊಡಗುವುದು ಉಚಿತ. ಸಂಸ್ಥೆಯ ಪರಿಸರ ಸಮಿತಿಯು ತನ್ನ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಎತ್ತಿಕೊಂಡು, ಸಾಮೂಹಿಕ ಸಂಸ್ಕರಣಾ ಘಟಕವೊಂದರಲ್ಲಿ ಪ್ರಾಯೋಗಿಕ ಪರೀಕ್ಷೆಗೆ ವಿಜ್ಞಾನಿಗಳನ್ನು ಆಹ್ವಾನಿಸಲಿ ಎಂಬುದು ನನ್ನ ವಿನಮ್ರ ಸಲಹೆ.